ಮಾರದೆಯೇ ಬಂದ ಲಾಭ, ಮಾರದೆಯೇ ಆದ ನಷ್ಟ

(ಸಣ್ಣ ಹೂಡಿಕೆದಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2018ರ ಕೊನೆಯ ಮೂರು ತಿಂಗಳಲ್ಲಿ ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹಾಥವೇ ಕಂಪನಿ 2,540 ಕೋಟಿ ಡಾಲರ್ ನಷ್ಟ ತೋರಿಸಿತು. ಅದಕ್ಕೆ ಹಿಂದಿನ ಮೂರು ತಿಂಗಳಲ್ಲಿ ಅದೇ ಕಂಪನಿ 1,850 ಕೋಟಿ ಡಾಲರ್ ಲಾಭ ತೋರಿಸಿತ್ತು. ಅದಕ್ಕೂ ಹಿಂದೆ 1,200 ಕೋಟಿ ಲಾಭ, ವರ್ಷದ ಮೊದಲ ತ್ರೈಮಾಸಿಕದಲ್ಲಿ 110 ಕೋಟಿ ನಷ್ಟ. ನಾಲ್ಕನ್ನೂ ಕೂಡಿ ಕಳೆದರೆ ಇಡೀ ವರ್ಷಕ್ಕೆ ಉಳಿದ ಲಾಭ 400 ಕೋಟಿ ಡಾಲರ್. ಈ ಅಂಕಿಗಳನ್ನಷ್ಟೇ ನೋಡಿದವರು ಕಂಪನಿಯೊಳಗೆ ಏನೋ ಅನಾಹುತವಾಗಿದೆ ಎಂದುಕೊಂಡಾರು. ಆದರೆ ಆ ವರ್ಷವೂ ಬರ್ಕ್‌ಶೈರ್ ಒಡೆತನದ ಬಿಎನ್‌ಎಸ್‌ಎಫ್ ರೈಲುಗಳು ಸರಕು ಸಾಗಿಸಿದವು, ಗೈಕೋ ಕಾರುಗಳಿಗೆ ವಿಮೆ ಮಾರಿತು, ಸೀಸ್ ಅಂಗಡಿಗಳಲ್ಲಿ ಚಾಕೊಲೇಟ್ ಬಿಕರಿಯಾಯಿತು. ಇಂಥ ವ್ಯವಹಾರಗಳಿಂದ ಬಂದ ಲಾಭವೇ 2,480 ಕೋಟಿ ಡಾಲರ್.

ಹಾಗಾದರೆ 2,480 ಇದ್ದದ್ದು 400 ಆದದ್ದು ಹೇಗೆ? ಕಂಪನಿಯ ಕೈಯಲ್ಲಿದ್ದ ಷೇರುಗಳ ಬೆಲೆ ವರ್ಷದ ಕೊನೆಗೆ ಕುಸಿದಿತ್ತು. ಮಾರದೆ ಹಾಗೇ ಇಟ್ಟುಕೊಂಡಿದ್ದ ಆ ಷೇರುಗಳ ಮೌಲ್ಯ ಇಳಿದದ್ದಕ್ಕೆ 2,060 ಕೋಟಿ ಡಾಲರ್ ಕಳೆಯಿರಿ. ನಿಜವಾಗಿ ಮಾರಿದ ಹೂಡಿಕೆಗಳಿಂದ ಬಂದ 280 ಕೋಟಿ ಕೂಡಿಸಿ. ಇನ್ನೊಂದು 300 ಕೋಟಿ ಕಳೆಯಿರಿ, ಅದು ಏನೆಂದು ಆಮೇಲೆ ಹೇಳುತ್ತೇನೆ. ಲೆಕ್ಕ ಸರಿಹೋಗುತ್ತದೆ.

ಇಂದಿನ ವಿಷಯ ಇದೇ. ಹಣಕಾಸು ವರದಿಗಳಲ್ಲಿ ‘ನಿವ್ವಳ ಹೂಡಿಕೆ ಲಾಭ ಅಥವಾ ನಷ್ಟ’ ಎಂದೊಂದು ಸಾಲು ಇರುತ್ತದೆ. ಬೇರೆ ಸಾಲುಗಳನ್ನೆಲ್ಲ ಬೆರಳಿಟ್ಟು ಓದುವವರು ಕೂಡ ಇದನ್ನು ದಾಟಿಕೊಂಡು ಹೋಗುತ್ತಾರೆ. ಮರುದಿನ ಪತ್ರಿಕೆಯಲ್ಲಿ ‘ಲಾಭದಲ್ಲಿ ಭಾರಿ ಜಿಗಿತ’ ಎಂದೋ ‘ನಿವ್ವಳ ಲಾಭ ಕುಸಿತ’ ಎಂದೋ ತಲೆಬರಹ ಬಂದಾಗ, ಎಷ್ಟೋ ಸಲ ಅದರ ಹಿಂದೆ ಇರುವುದು ಈ ಒಂದೇ ಸಾಲು.

ಮೊದಲು ಗಂಟು ಬಿಡಿಸಬೇಕಾದದ್ದು ಹೂಡಿಕೆಯ ಆದಾಯ ಮತ್ತು ಹೂಡಿಕೆಯ ಲಾಭ ಇವೆರಡರ ನಡುವೆ. ಅಮೆರಿಕದ ಮೆಟ್‌ಲೈಫ್‌ನಂಥ ವಿಮಾ ಕಂಪನಿಯ ವರದಿ ತೆರೆದರೆ ಇವು ಬೇರೆ ಬೇರೆ ಸಾಲುಗಳಲ್ಲಿರುತ್ತವೆ. ಬಾಂಡಿನ ಬಡ್ಡಿ, ಷೇರಿನ ಲಾಭಾಂಶ, ಕಟ್ಟಡದ ಬಾಡಿಗೆ ಇವೆಲ್ಲ ಆದಾಯದ ಸಾಲಿಗೆ. ಹೂಡಿಕೆಯನ್ನೇ ಮಾರಿದಾಗ ಬಂದದ್ದು, ಬೆಲೆ ಏರಿಳಿದದ್ದು, ವಸೂಲಾಗದೆಂದು ತೆಗೆದಿಟ್ಟದ್ದು ಲಾಭ–ನಷ್ಟದ ಸಾಲಿಗೆ. ಮೊದಲನೆಯದು ಮುಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆಂದು ನಂಬಬಹುದು. ಎರಡನೆಯದರ ಬಗ್ಗೆ ಅಂಥ ಭರವಸೆ ಯಾರೂ ಕೊಡಲಾರರು. ಆದ್ದರಿಂದಲೇ ಮೆಟ್‌ಲೈಫ್‌ನಂಥವರು ಈ ಎರಡನೆಯದನ್ನು ಹೊರಗಿಟ್ಟು ಲೆಕ್ಕ ಹಾಕಿದ ‘ಹೊಂದಾಣಿಕೆಯ ಲಾಭ’ವನ್ನೂ ಜೊತೆಗೇ ಪ್ರಕಟಿಸುತ್ತಾರೆ. ನಮ್ಮಲ್ಲಿ ಬ್ಯಾಂಕುಗಳ ವಾರ್ಷಿಕ ವರದಿಯಲ್ಲಿ ಬಡ್ಡಿ ಆದಾಯ 13ನೇ ಅನುಸೂಚಿಯಲ್ಲಿ, ಹೂಡಿಕೆ ಮಾರಿದ ಲಾಭ ಮತ್ತು ಮರುಮೌಲ್ಯಮಾಪನದ ಲಾಭ 14ನೇ ಅನುಸೂಚಿಯಲ್ಲಿ ‘ಇತರ ಆದಾಯ’ದ ಅಡಿಯಲ್ಲಿ ಬರುತ್ತವೆ.

‘ನಿವ್ವಳ’ ಎಂಬುದು ಇನ್ನೊಂದು ಪರದೆ. ಒಂದು ಸಂಸ್ಥೆಯ ನಿವ್ವಳ ಹೂಡಿಕೆ ಲಾಭ 20 ಕೋಟಿ ಎಂದಿದೆ ಅನ್ನಿ. ಅದು 21 ಕೋಟಿ ಲಾಭದಿಂದ 1 ಕೋಟಿ ನಷ್ಟ ಕಳೆದು ಬಂದಿರಬಹುದು. 500 ಕೋಟಿ ಲಾಭದಿಂದ 480 ಕೋಟಿ ನಷ್ಟ ಕಳೆದೂ ಬಂದಿರಬಹುದು. ಎರಡನೆಯ ಸಂಸ್ಥೆಯಲ್ಲಿ ನನ್ನ ದುಡ್ಡಿದ್ದರೆ ನಾನು ಟಿಪ್ಪಣಿಗಳ ಪುಟಕ್ಕೆ ಹೋಗದೆ ನಿದ್ದೆ ಮಾಡಲಾರೆ.

ಈಗ ನಿಯಮಗಳ ಒಳಗೆ ಇಳಿಯೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಒಂದೇ ಘಟನೆಯನ್ನು ನಾಲ್ಕು ರೀತಿಯಲ್ಲಿ ಬರೆಯಬಹುದು, ನಾಲ್ಕೂ ಕಾನೂನುಬದ್ಧ.

ಒಂದು ಕಂಪನಿ 100 ಕೋಟಿ ರೂಪಾಯಿ ಕೊಟ್ಟು ಇನ್ನೊಂದು ಕಂಪನಿಯ ಷೇರು ಕೊಂಡಿತು. ಮೊದಲ ಮಾರ್ಚ್ 31ಕ್ಕೆ ಅದರ ಪೇಟೆ ಬೆಲೆ 160 ಕೋಟಿ. ಮರುವರ್ಷ ಅದನ್ನು 140 ಕೋಟಿಗೆ ಮಾರಿತು. ಎಲ್ಲ ಮುಗಿದ ಮೇಲೆ ಗಳಿಸಿದ್ದು 40 ಕೋಟಿ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ 40 ಕೋಟಿ ಯಾವ ವರ್ಷ, ಯಾವ ಪುಟದಲ್ಲಿ ಕಾಣಿಸಿಕೊಳ್ಳಬೇಕು ಎಂಬುದರಲ್ಲಿ.

ಕೊಂಡ ಬೆಲೆಗೇ ಇಟ್ಟುಕೊಳ್ಳುವ ಹಳೆಯ ಕ್ರಮದಲ್ಲಿ ಮೊದಲ ವರ್ಷ ಏನೂ ಇಲ್ಲ, ಎರಡನೆಯ ವರ್ಷ 40 ಕೋಟಿ ಲಾಭ. ಪೇಟೆ ಬೆಲೆಗೆ ತಂದು ವ್ಯತ್ಯಾಸವನ್ನು ನೇರವಾಗಿ ಲಾಭ–ನಷ್ಟ ಖಾತೆಗೆ ಹಾಕುವ ಕ್ರಮದಲ್ಲಿ ಮೊದಲ ವರ್ಷ 60 ಕೋಟಿ ಲಾಭ, ಎರಡನೆಯ ವರ್ಷ 20 ಕೋಟಿ ನಷ್ಟ. ಗಮನಿಸಿ: 40 ಕೋಟಿ ಲಾಭಕ್ಕೆ ಮಾರಿದ ವರ್ಷವೇ ಖಾತೆಯಲ್ಲಿ ನಷ್ಟ! ಮೂರನೆಯ ಕ್ರಮದಲ್ಲಿ ಈ ಏರಿಳಿತ ಲಾಭ–ನಷ್ಟ ಖಾತೆಯನ್ನು ಮುಟ್ಟುವುದೇ ಇಲ್ಲ. ‘ಇತರ ಸಮಗ್ರ ಆದಾಯ’ ಎಂಬ ಕೆಳಗಿನ ವಿಭಾಗದಲ್ಲಿ ಮೊದಲ ವರ್ಷ 60 ಕೂಡಿ, ಎರಡನೆಯ ವರ್ಷ 20 ಕಳೆದು, ಮಾರಿದ ಮೇಲೂ ಆ 40 ಕೋಟಿ ಲಾಭ–ನಷ್ಟ ಖಾತೆಯೊಳಗೆ ಬರದೆ ಮೀಸಲಿನಲ್ಲೇ ಉಳಿಯುತ್ತದೆ. ನಾಲ್ಕನೆಯದು ಬಾಂಡುಗಳಿಗೆ. ಬಾಂಡಿನ ಬೆಲೆ ಇಷ್ಟೊಂದು ಜಿಗಿಯುವುದಿಲ್ಲ, ಆದರೂ ಲೆಕ್ಕಕ್ಕಾಗಿ ಇದೇ ಸಂಖ್ಯೆ ಇಟ್ಟುಕೊಳ್ಳೋಣ. ಮೊದಲ ವರ್ಷದ 60 ಕೋಟಿ ಕೆಳಗಿನ ವಿಭಾಗದಲ್ಲಿ ಕಾಯುತ್ತದೆ. ಮಾರಿದ ದಿನ ಅಲ್ಲಿನದನ್ನು ಅಳಿಸಿ 40 ಕೋಟಿಯನ್ನು ಲಾಭ–ನಷ್ಟ ಖಾತೆಗೆ ಎತ್ತಿ ತರುತ್ತಾರೆ.

ಭಾರತದ ಕಂಪನಿಗಳಿಗೆ ಇದನ್ನೆಲ್ಲ ಹೇಳುವುದು ಇಂಡ್ ಎಎಸ್ 109 ಎಂಬ ಮಾನದಂಡ. ವಹಿವಾಟಿಗಾಗಿ ಇಟ್ಟುಕೊಳ್ಳದ ಷೇರುಗಳ ವಿಷಯದಲ್ಲಿ ಎರಡನೆಯ ಕ್ರಮವೋ ಮೂರನೆಯದೋ ಎಂದು ಕಂಪನಿ ಕೊಳ್ಳುವಾಗಲೇ ಆರಿಸಿಕೊಳ್ಳಬೇಕು, ಒಂದೊಂದು ಷೇರಿಗೂ ಬೇರೆ ಬೇರೆಯಾಗಿ ಆರಿಸಬಹುದು, ಒಮ್ಮೆ ಆರಿಸಿದರೆ ಬದಲಿಸುವಂತಿಲ್ಲ. ಹಾಗಾಗಿ ಒಂದೇ ಷೇರನ್ನು ಒಂದೇ ದಿನ ಕೊಂಡ ಎರಡು ಕಂಪನಿಗಳ ಲಾಭದಲ್ಲಿ ಅಜಗಜಾಂತರ ಕಾಣಬಹುದು. ಮ್ಯೂಚುವಲ್ ಫಂಡ್ ಘಟಕಗಳಿಗೆ ಈ ಆಯ್ಕೆ ಇಲ್ಲ, ಅವುಗಳ ಏರಿಳಿತ ಸಾಮಾನ್ಯವಾಗಿ ಲಾಭ–ನಷ್ಟ ಖಾತೆಗೇ ಹೋಗುತ್ತದೆ. ಕೈತುಂಬ ನಗದು ಇಟ್ಟುಕೊಂಡು ಅದನ್ನು ಫಂಡುಗಳಲ್ಲಿ ತೊಡಗಿಸುವ ಕಂಪನಿಗಳ ‘ಇತರ ಆದಾಯ’ ವರ್ಷದಿಂದ ವರ್ಷಕ್ಕೆ ಕುಣಿಯುವುದಕ್ಕೆ ಇದೂ ಒಂದು ಕಾರಣ.

ಬರ್ಕ್‌ಶೈರ್‌ಗೆ ಆದದ್ದು ನಾಲ್ಕನೆಯ ಬಗೆಯ ಕ್ರಮದಿಂದ (ಅಮೆರಿಕದಲ್ಲಿ ಆಗ ಷೇರುಗಳಿಗೂ ಅದೇ ಇತ್ತು) ಎರಡನೆಯದಕ್ಕೆ ದೂಡಿಸಿಕೊಂಡದ್ದು. ಅಮೆರಿಕದಲ್ಲಿ ಲೆಕ್ಕಪತ್ರ ಮಾನದಂಡ ರೂಪಿಸುವ ಎಫ್‌ಎಎಸ್‌ಬಿ ಮಂಡಳಿ 2016ರ ಜನವರಿಯಲ್ಲಿ ಒಂದು ನಿಯಮ ತಂದಿತು. 2018ರಿಂದ ಅಲ್ಲಿನ ಷೇರುಪೇಟೆಯ ಕಂಪನಿಗಳಿಗೆ ಅದು ಅನ್ವಯವಾಯಿತು. ಷೇರು ಹೂಡಿಕೆಗಳ ಬೆಲೆ ವ್ಯತ್ಯಾಸ ಮಾರಲಿ ಬಿಡಲಿ ಆಯಾ ತ್ರೈಮಾಸಿಕದ ಲಾಭಕ್ಕೇ ಸೇರಬೇಕು. ಬಫೆಟ್ ಸಿಡುಕಿದರು. ಷೇರುದಾರರಿಗೆ ಬರೆದ ಪತ್ರದಲ್ಲಿ ತಾವೂ ಕಂಪನಿಯ ಉಪಾಧ್ಯಕ್ಷ ಚಾರ್ಲಿ ಮಂಗರ್ ಅವರೂ ಈ ನಿಯಮವನ್ನು ಒಪ್ಪುವುದಿಲ್ಲವೆಂದರು, ನಿವ್ವಳ ಲಾಭದ ಅಂಕಿಯ ಬದಲು ವ್ಯವಹಾರದ ಲಾಭ ನೋಡಿರೆಂದರು. ಪ್ರತಿ ತ್ರೈಮಾಸಿಕದ ಪ್ರಕಟಣೆಯಲ್ಲೂ ಹೂಡಿಕೆ ಲಾಭ–ನಷ್ಟದ ಅಂಕಿಗೆ ಸಾಮಾನ್ಯವಾಗಿ ಅರ್ಥವೇ ಇಲ್ಲ ಎಂಬ ಎಚ್ಚರಿಕೆಯನ್ನು ಕಂಪನಿ ಅಚ್ಚುಮಾಡತೊಡಗಿತು.

ಅವರ ಸಿಡುಕಿಗೆ ಕಾರಣವಿತ್ತು. 2019ರಲ್ಲಿ ಬರ್ಕ್‌ಶೈರ್‌ನ ನಿವ್ವಳ ಲಾಭ 8,140 ಕೋಟಿ ಡಾಲರ್, 2022ರಲ್ಲಿ 2,280 ಕೋಟಿ ನಷ್ಟ, 2023ರಲ್ಲಿ ಮತ್ತೆ 9,620 ಕೋಟಿ ಲಾಭ. ಇದೇ ಮೂರು ವರ್ಷಗಳಲ್ಲಿ ವ್ಯವಹಾರದ ಲಾಭ ಕ್ರಮವಾಗಿ ಸುಮಾರು 2,400, 3,080 ಮತ್ತು 3,740 ಕೋಟಿ. ನಷ್ಟ ತೋರಿಸಿದ 2022 ವ್ಯವಹಾರದ ದೃಷ್ಟಿಯಿಂದ 2019ಕ್ಕಿಂತ ಒಳ್ಳೆಯ ವರ್ಷ.

ಇನ್ನು ಆ 300 ಕೋಟಿ ಡಾಲರಿನ ಕಥೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯ ಕಂಡದ್ದು ಇಲ್ಲೇ. ಬರ್ಕ್‌ಶೈರ್ ಬಳಿ ಆ್ಯಪಲ್ ಷೇರುಗಳಿದ್ದಂತೆ ಕ್ರಾಫ್ಟ್ ಹೈನ್ಜ್ ಎಂಬ ಆಹಾರ ಕಂಪನಿಯ ಷೇರುಗಳೂ ಇದ್ದವು. ಆದರೆ ಕ್ರಾಫ್ಟ್‌ನಲ್ಲಿ ಅದರ ಪಾಲು ಶೇ 26ಕ್ಕಿಂತ ಹೆಚ್ಚು, ಆಡಳಿತದಲ್ಲೂ ಅದರ ಮಾತು ನಡೆಯುತ್ತಿತ್ತು. ಅಷ್ಟು ಪ್ರಭಾವವಿರುವ ಹೂಡಿಕೆಗೆ ಪೇಟೆ ಬೆಲೆಯ ನಿಯಮ ತಗಲುವುದಿಲ್ಲ. ಆ ಕಂಪನಿಯ ಲಾಭ–ನಷ್ಟದಲ್ಲಿ ತನ್ನ ಪಾಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2018ರಲ್ಲಿ ಕ್ರಾಫ್ಟ್ ಷೇರಿನ ಬೆಲೆ ಸುಮಾರು 78 ಡಾಲರಿನಿಂದ 43ಕ್ಕೆ ಬಿತ್ತು. ಬರ್ಕ್‌ಶೈರ್ ಕೈಯಲ್ಲಿದ್ದ ಪಾಲಿನ ಪೇಟೆ ಮೌಲ್ಯ 1,100 ಕೋಟಿ ಡಾಲರಿಗೂ ಹೆಚ್ಚು ಕರಗಿತು. ಲಾಭ–ನಷ್ಟ ಖಾತೆಯಲ್ಲಿ ಇದರ ಸುಳಿವೇ ಇಲ್ಲ. ಬದಲಿಗೆ, ಕ್ರಾಫ್ಟ್ ತನ್ನ ಬ್ರ್ಯಾಂಡುಗಳ ಮತ್ತು ವರ್ಚಸ್ಸಿನ (ಗುಡ್‌ವಿಲ್) ಪುಸ್ತಕ ಮೌಲ್ಯವನ್ನು ತಾನೇ ಕಡಿತ ಮಾಡಿಕೊಂಡಿತಲ್ಲ, ಅದರಲ್ಲಿ ಬರ್ಕ್‌ಶೈರ್‌ಗೆ ಬಂದ ಪಾಲು ನಷ್ಟವಾಗಿ ಬಂದು ಕೂತಿತು. ಆ ಸುಮಾರು 300 ಕೋಟಿ ಡಾಲರಿನ ಬಹುಭಾಗ ಇದೇ.

ಅಂದರೆ ಆ್ಯಪಲ್‌ನ ಇಳಿತ ಪೂರ್ತಿಯಾಗಿ ಕಂಡಿತು, ಕ್ರಾಫ್ಟ್‌ನದು ಕಾಲುಭಾಗದಷ್ಟು ಮಾತ್ರ. ಮುಂದೆ ಏನಾಯಿತು? ಆ್ಯಪಲ್ ಬೆಲೆ ಮರುವರ್ಷವೇ ಏರಿ ಹಳೆಯದನ್ನೆಲ್ಲ ಮರೆಸಿತು. ಕ್ರಾಫ್ಟ್ ಷೇರು ಆ ಹಳೆಯ ಬೆಲೆಯನ್ನು ಮತ್ತೆ ಕಾಣಲಿಲ್ಲ. ಖಾತೆಯಲ್ಲಿ ಅಬ್ಬರಿಸಿದ ನಷ್ಟ ತಾತ್ಕಾಲಿಕವಾಗಿತ್ತು, ಸದ್ದಿಲ್ಲದೆ ಉಳಿದದ್ದು ಶಾಶ್ವತವಾಗಿತ್ತು. ಯಾವ ನಿಯಮವೂ ಈ ಎರಡನ್ನು ಮೊದಲೇ ಬೇರ್ಪಡಿಸಿ ಹೇಳಲಾರದು.

ಹಾಗೆಂದು ಕೊಂಡ ಬೆಲೆಗೇ ಇಟ್ಟುಕೊಳ್ಳುವ ಹಳೆಯ ಕ್ರಮವೇ ಚೆನ್ನಾಗಿತ್ತು ಎಂದು ಹಲುಬುವವರ ಜೊತೆ ನಾನಿಲ್ಲ. ಅದರಲ್ಲಿ ಬೇರೆಯೇ ಕೈಚಳಕಕ್ಕೆ ಜಾಗವಿತ್ತು. ಮಾರಿದಾಗ ಮಾತ್ರ ಲಾಭ ಕಾಣುವುದಾದರೆ, ಲಾಭ ಬೇಕಾದ ತ್ರೈಮಾಸಿಕದಲ್ಲಿ ಬೆಲೆ ಏರಿದ್ದನ್ನು ಆರಿಸಿ ಮಾರಬಹುದು, ಬೆಲೆ ಬಿದ್ದದ್ದನ್ನು ಕೊಂಡ ಬೆಲೆಯಲ್ಲೇ ಬೆಚ್ಚಗೆ ಇಡಬಹುದು. ವರ್ಷಗಟ್ಟಲೆ ಹೀಗೆ ಮಾಡಿದರೆ ಪುಸ್ತಕದಲ್ಲಿ ಲಾಭದ ಸಾಲು ನೆಟ್ಟಗಿರುತ್ತದೆ, ಪೆಟ್ಟಿಗೆಯಲ್ಲಿ ಉಳಿದದ್ದೆಲ್ಲ ಜೊಳ್ಳಾಗಿರುತ್ತದೆ. ನಿಯಮ ಬಿಗಿಯಾದಾಗಲೂ ಒತ್ತಡ ಬಂದರೆ ಅದನ್ನು ಸಡಿಲಿಸಿದ್ದುಂಟು. 2008ರ ಅಕ್ಟೋಬರ್‌ನಲ್ಲಿ, ಜಾಗತಿಕ ಬಿಕ್ಕಟ್ಟಿನ ನಡುವೆ, ಯುರೋಪಿನ ಸರ್ಕಾರಗಳ ಒತ್ತಾಯಕ್ಕೆ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿ ತನ್ನ ನಿಯಮವನ್ನು ತಿದ್ದಿ, ಕೆಲವು ಹೂಡಿಕೆಗಳನ್ನು ಪೇಟೆ ಬೆಲೆಗೆ ತರಬೇಕಾದ ವರ್ಗದಿಂದ ಇನ್ನೊಂದಕ್ಕೆ ದಾಟಿಸಲು ಜುಲೈ 1ರಿಂದಲೇ ಪೂರ್ವಾನ್ವಯವಾಗುವಂತೆ ಅವಕಾಶ ಕೊಟ್ಟಿತು. ಜರ್ಮನಿಯ ಡಾಯ್ಚ ಬ್ಯಾಂಕ್ ಆ ತ್ರೈಮಾಸಿಕದಲ್ಲಿ ಲಾಭ ತೋರಿಸಿದ್ದಕ್ಕೆ ಈ ದಾಟಿಸುವಿಕೆಯ ನೆರವಿತ್ತು. ಆ ಕಾಗದಗಳ ನಿಜವಾದ ಬೆಲೆ ಅದರಿಂದ ಒಂದು ಯೂರೊ ಕೂಡ ಹೆಚ್ಚಲಿಲ್ಲ.

ಬ್ಯಾಂಕುಗಳ ಮಾತು ಬಂತು. ಈ ಸಭೆಯಲ್ಲಿ ಕರಾವಳಿಯವರು ಹಲವರಿದ್ದೀರಿ, ಬ್ಯಾಂಕ್ ಷೇರು ಇಲ್ಲದ ಮನೆ ನಿಮ್ಮಲ್ಲಿ ಅಪರೂಪ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಐದೂ ದಕ್ಷಿಣ ಕನ್ನಡ–ಉಡುಪಿಯ ನೆಲದಲ್ಲಿ ಹುಟ್ಟಿದವು, ಈಗ ಮೂರು ವಿಲೀನವಾಗಿವೆ. ಬ್ಯಾಂಕಿನ ಹೂಡಿಕೆ ಎಂದರೆ ಬಹುಪಾಲು ಸರ್ಕಾರಿ ಬಾಂಡ್. ಎಸ್‌ಎಲ್‌ಆರ್ (ಶಾಸನಬದ್ಧ ದ್ರವ್ಯತೆ ಅನುಪಾತ) ನಿಯಮದಂತೆ ಠೇವಣಿ ಮುಂತಾದ ಹೊಣೆಗಳ ಶೇ 18ರಷ್ಟನ್ನು ಹೀಗೆ ಇಡಲೇಬೇಕು. ಸರ್ಕಾರ ಬಾಕಿ ಉಳಿಸಿಕೊಳ್ಳುವುದಿಲ್ಲ, ಸರಿ. ಆದರೂ ಬಾಂಡಿನಲ್ಲಿ ನಷ್ಟವಾಗುತ್ತದೆ. ಶೇ 7 ಬಡ್ಡಿಯ ಹತ್ತು ವರ್ಷದ ಬಾಂಡನ್ನು 100 ರೂಪಾಯಿಗೆ ಕೊಂಡಿದ್ದೀರಿ. ಮರುದಿನವೇ ಪೇಟೆಯಲ್ಲಿ ಬಡ್ಡಿ ಶೇ 8 ಆಯಿತು. ಶೇ 8 ಸಿಗುವಾಗ ನಿಮ್ಮ ಶೇ 7ರದನ್ನು ಯಾರು 100 ಕೊಟ್ಟು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 93 ರೂಪಾಯಿ 30 ಪೈಸೆ.

2022ರಲ್ಲಿ ನಮ್ಮಲ್ಲಿ ಇದೇ ಆಯಿತು. ಎರಡು ವರ್ಷ ಶೇ 4ರಲ್ಲಿ ನಿಂತಿದ್ದ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ರಿಸರ್ವ್ ಬ್ಯಾಂಕ್ ಮೇ 4ರಂದು ಏರಿಸಿತು, ಜೂನ್‌ನಲ್ಲಿ ಮತ್ತೆ ಏರಿಸಿತು. ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿ (ಪೇಟೆ ಬೆಲೆಗೆ ಕೊಂಡವರಿಗೆ ಸಿಗುವ ಬಡ್ಡಿ) ಶೇ 6.8ರ ಆಸುಪಾಸಿನಿಂದ ಶೇ 7.4ರ ಮೇಲಕ್ಕೆ ಹೋಯಿತು. ಆ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಸ್ಟೇಟ್ ಬ್ಯಾಂಕಿನ ನಿವ್ವಳ ಲಾಭ 6,068 ಕೋಟಿ ರೂಪಾಯಿ, ಹೂಡಿಕೆಗಳ ಮೌಲ್ಯ ಇಳಿದು ಆದ ನಷ್ಟ 6,549 ಕೋಟಿ. ಸಾಲ ಕೊಡುವ ವ್ಯವಹಾರ ಚೆನ್ನಾಗಿಯೇ ನಡೆದಿತ್ತು, ಲಾಭ ಹಿಂದಿನ ವರ್ಷದ ಅದೇ ಅವಧಿಗಿಂತ ಕಡಿಮೆಯಾಯಿತು.

ಆಗ ಜಾರಿಯಲ್ಲಿದ್ದ ನಿಯಮ ಒಂದು ಬಗೆಯ ಏಕಮುಖ ಗೇಟು. ಮಾರಾಟಕ್ಕೆ ಲಭ್ಯವಿರುವ (ಎಎಫ್‌ಎಸ್) ವರ್ಗದಲ್ಲಿ ನಿವ್ವಳ ಬೆಲೆ ಇಳಿದರೆ ಲಾಭದಿಂದ ಕಳೆಯಬೇಕು, ನಿವ್ವಳ ಬೆಲೆ ಏರಿದರೆ ಲೆಕ್ಕಕ್ಕೆ ಇಲ್ಲ. ಮೆಚ್ಯೂರಿಟಿಯವರೆಗೆ, ಅಂದರೆ ಬಾಂಡಿನ ಅವಧಿ ಮುಗಿಯುವವರೆಗೆ, ಇಟ್ಟುಕೊಳ್ಳುವ ಎಚ್‌ಟಿಎಂ ವರ್ಗಕ್ಕೆ ಮಾತ್ರ ಏರಿಳಿತದ ಬಾಧೆ ಇಲ್ಲ. ಎಚ್ಚರಿಕೆಯ ದೃಷ್ಟಿಯಿಂದ ಇದು ಒಳ್ಳೆಯದೆನಿಸಿದರೂ ಇದರಲ್ಲಿ ನಷ್ಟವಷ್ಟೇ ಕಾಣುತ್ತಿತ್ತು, ಏರಿಕೆಯನ್ನು ಲಾಭವಾಗಿಸಲು ಮಾರಲೇಬೇಕಿತ್ತು. 2023ರ ಸೆಪ್ಟೆಂಬರ್ 12ರಂದು ಹೊರಬಂದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಇದನ್ನು ಬದಲಿಸಿದವು. ಈಗ ಮೂರು ವರ್ಗ. ಎಚ್‌ಟಿಎಂನಲ್ಲಿರುವುದಕ್ಕೆ ಏರಿಳಿತವಿಲ್ಲ. ಎಎಫ್‌ಎಸ್‌ನಲ್ಲಿರುವುದರ ಏರಿಕೆ ಇಳಿಕೆ ಎರಡೂ ಒಂದು ಪ್ರತ್ಯೇಕ ಮೀಸಲಿಗೆ ಹೋಗುತ್ತವೆ. ಉಳಿದದ್ದರ ಏರಿಕೆ ಇಳಿಕೆ ಎರಡೂ ಲಾಭ–ನಷ್ಟ ಖಾತೆಗೆ. ಬೇಕೆನಿಸಿದಾಗ ವರ್ಗ ದಾಟಿಸುವಂತಿಲ್ಲ, ಆಡಳಿತ ಮಂಡಳಿಯ ಜೊತೆಗೆ ರಿಸರ್ವ್ ಬ್ಯಾಂಕಿನ ಒಪ್ಪಿಗೆಯೂ ಬೇಕು. ಎಚ್‌ಟಿಎಂನಿಂದ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಮಾರಲೂ ಪೂರ್ವಾನುಮತಿ ಬೇಕು, ಕೆಲವು ವಿನಾಯಿತಿಗಳ ಹೊರತು. 2024ರ ಏಪ್ರಿಲ್‌ಗೆ ಮೊದಲಿನ ಮತ್ತು ನಂತರದ ಬ್ಯಾಂಕ್ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವವರು ಈ ಬದಲಾವಣೆಯನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಕಾಗದದ ಮೇಲಿನ ಲಾಭವನ್ನು ನಮ್ಮ ಕಾನೂನೂ ಪೂರ್ತಿ ನಂಬುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಂಪನಿ ಕಾಯ್ದೆಯ 123ನೇ ಕಲಂ ಪ್ರಕಾರ ಲಾಭಾಂಶ ಹಂಚಲು ಲಾಭ ಲೆಕ್ಕ ಹಾಕುವಾಗ ಮಾರದೆ ಬಂದ ಲಾಭವನ್ನು, ಮೌಲ್ಯದ ಬದಲಾವಣೆಯಿಂದ ಬಂದದ್ದನ್ನು ಹೊರಗಿಡಬೇಕು. ಪೇಟೆಯಲ್ಲಿ ಬೆಲೆಯೇ ಸಿಗದೆ ಬ್ಯಾಂಕು ತನ್ನದೇ ಅಂದಾಜಿನ ಮೇಲೆ ಮೌಲ್ಯ ಕಟ್ಟಿದ ಹೂಡಿಕೆಗಳ ಅಂಥ ಲಾಭವನ್ನು ರಿಸರ್ವ್ ಬ್ಯಾಂಕ್ ಮೂಲ ಬಂಡವಾಳದಿಂದಲೇ ಕಳೆಯಿಸುತ್ತದೆ.

ಇಷ್ಟು ಕೇಳಿದ ಮೇಲೆ ‘ಬಫೆಟ್ ಹೇಳಿದ್ದೇ ಸರಿ, ಈ ಸಾಲನ್ನು ಬಿಟ್ಟು ಓದೋಣ’ ಎನ್ನಿಸಬಹುದು. ಹಾಗೆ ಬಿಟ್ಟು ಓದಿದವರಿಗೆ 2023ರ ಮಾರ್ಚ್‌ನಲ್ಲಿ ಏನಾಯಿತು ನೋಡಿ.

ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ 2020–21ರಲ್ಲಿ ನವೋದ್ಯಮಗಳ ಠೇವಣಿ ಹೊಳೆಯಾಗಿ ಹರಿದು ಬಂತು. ಬಡ್ಡಿ ದರ ನೆಲ ಕಚ್ಚಿದ್ದ ಕಾಲ. ಬ್ಯಾಂಕು ಆ ದುಡ್ಡನ್ನು ದೀರ್ಘಾವಧಿಯ ಬಾಂಡುಗಳಲ್ಲಿ, ಮುಖ್ಯವಾಗಿ ಗೃಹಸಾಲ ಆಧಾರಿತ ಪತ್ರಗಳಲ್ಲಿ, ತೊಡಗಿಸಿತು. ಅದರಲ್ಲಿ ಬಹುಪಾಲನ್ನು ಮೆಚ್ಯೂರಿಟಿಯವರೆಗೆ ಇಟ್ಟುಕೊಳ್ಳುವ ವರ್ಗಕ್ಕೆ ಸೇರಿಸಿತು. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಸಮೀಪದಿಂದ ಒಂದೇ ವರ್ಷದೊಳಗೆ ಶೇ 4.5ರ ಮೇಲಕ್ಕೆ ಒಯ್ದಿತು. ಬಾಂಡಿನ ಬೆಲೆ ಏನಾಗುತ್ತದೆಂದು ಈಗಷ್ಟೇ ನೋಡಿದಿರಿ.

2022ರ ಡಿಸೆಂಬರ್ ಅಂತ್ಯದ ವರದಿಯಲ್ಲಿ ಆ ಬ್ಯಾಂಕು ಸುಮಾರು 150 ಕೋಟಿ ಡಾಲರ್ ವಾರ್ಷಿಕ ಲಾಭ ತೋರಿಸಿತು. ಅದೇ ವರದಿಯ ಬ್ಯಾಲೆನ್ಸ್ ಶೀಟಿನಲ್ಲಿ ಎಚ್‌ಟಿಎಂ ಹೂಡಿಕೆ ಸುಮಾರು 9,100 ಕೋಟಿ ಡಾಲರ್ ಎಂದಿತ್ತು. ಅದರ ಪಕ್ಕದಲ್ಲೇ, ಆವರಣದೊಳಗೆ, ಪೇಟೆ ಮೌಲ್ಯ ಸುಮಾರು 7,600 ಕೋಟಿ ಎಂದೂ ಇತ್ತು. ವ್ಯತ್ಯಾಸ 1,500 ಕೋಟಿ. ಬ್ಯಾಂಕಿನ ಸ್ವಂತ ಬಂಡವಾಳ ಸುಮಾರು 1,600 ಕೋಟಿ. ಲಾಭ–ನಷ್ಟ ಖಾತೆಯಲ್ಲಿ ಈ 1,500 ಕೋಟಿಯ ಒಂದು ಡಾಲರ್ ಕೂಡ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಎಲ್ಲವೂ ನಿಯಮದಂತೆಯೇ ಇತ್ತು, ಎಲ್ಲರ ಕಣ್ಣೆದುರೇ ಇತ್ತು.

ಮಾರ್ಚ್ 8ರಂದು ಬ್ಯಾಂಕು ತನ್ನ ಎಎಫ್‌ಎಸ್ ವರ್ಗದ 2,100 ಕೋಟಿ ಡಾಲರ್ ಬಾಂಡುಗಳನ್ನು ಮಾರಿ 180 ಕೋಟಿ ನಷ್ಟವಾಯಿತೆಂದು ಪ್ರಕಟಿಸಿತು. ಅದನ್ನು ಓದಿದವರು ಉಳಿದದ್ದನ್ನೂ ಓದಿದರು. ಮರುದಿನ ಒಂದೇ ದಿನ 4,200 ಕೋಟಿ ಡಾಲರ್ ಹಿಂಪಡೆಯುವಿಕೆ. ಮಾರ್ಚ್ 10ರಂದು ನಿಯಂತ್ರಕರು ಬಾಗಿಲು ಮುಚ್ಚಿಸಿದರು.

ಬಫೆಟ್ ಮತ್ತು ಸಿಲಿಕಾನ್ ವ್ಯಾಲಿ ಬ್ಯಾಂಕ್ ಇಬ್ಬರೂ ಹೇಳಿದ್ದು ಒಂದೇ ಮಾತು: ನಾವು ಮಾರುವುದಿಲ್ಲ, ಆದ್ದರಿಂದ ಈ ನಷ್ಟ ನಷ್ಟವಲ್ಲ. ಒಬ್ಬರ ವಿಷಯದಲ್ಲಿ ಅದು ನಿಜವಾಯಿತು, ಇನ್ನೊಬ್ಬರನ್ನು ಮುಳುಗಿಸಿತು. ಶಿರಸಿ ಕಡೆಯ ಇಬ್ಬರು ಅಡಿಕೆ ಬೆಳೆಗಾರರನ್ನು ನೆನೆಯಿರಿ. ಇಬ್ಬರ ಅಟ್ಟದಲ್ಲೂ ಅಷ್ಟೇ ರಾಶಿ ಅಡಿಕೆ, ಪೇಟೆಯಲ್ಲಿ ಧಾರಣೆ ಬಿದ್ದಿದೆ. ಒಬ್ಬರಿಗೆ ಸಾಲವಿಲ್ಲ, ಮುಂದಿನ ಮಳೆಗಾಲದವರೆಗೂ ಕಾಯುತ್ತಾರೆ. ಇನ್ನೊಬ್ಬರು ಸೊಸೈಟಿ ಸಾಲವನ್ನು ಮಾರ್ಚ್ ಒಳಗೆ ತೀರಿಸಬೇಕು. ಅಡಿಕೆಯೂ ಅದೇ, ಧಾರಣೆಯೂ ಅದೇ. ನಷ್ಟವಾದದ್ದು ಎರಡನೆಯವರಿಗೆ ಮಾತ್ರ.

ನಾನು ಇಂದು ಹೇಳಬೇಕೆಂದು ಬಂದದ್ದು ಇದನ್ನೇ. ಹೂಡಿಕೆಯ ಲಾಭ–ನಷ್ಟದ ಸಾಲನ್ನು ನಾವು ಬ್ಯಾಲೆನ್ಸ್ ಶೀಟಿನ ಆಸ್ತಿಯ ಬದಿಯಲ್ಲಿ ನಿಂತು ಓದುತ್ತೇವೆ. ಅದರ ಅರ್ಥ ಇರುವುದು ಹೊಣೆಯ ಬದಿಯಲ್ಲಿ. ಬರ್ಕ್‌ಶೈರ್ 2018ರ ಕೊನೆಗೆ ಸುಮಾರು 11,200 ಕೋಟಿ ಡಾಲರ್ ನಗದು ಮತ್ತು ಸರ್ಕಾರದ ಅಲ್ಪಾವಧಿ ಹುಂಡಿಗಳ ಮೇಲೆ ಕೂತಿತ್ತು. ಷೇರು ಕೊಳ್ಳಲು ಬಳಸಿದ ದುಡ್ಡು ಅದರ ಸ್ವಂತದ್ದು, ಇಲ್ಲವೇ ವಿಮಾ ಕಂತುಗಳಿಂದ ಬಂದು ವರ್ಷಾನುಗಟ್ಟಲೆ ಉಳಿಯುವಂಥದ್ದು. ನಾಳೆ ಬೆಳಿಗ್ಗೆ ಬಂದು ಕೊಡಿ ಎನ್ನುವವರು ಯಾರೂ ಇಲ್ಲ. ಸಿಲಿಕಾನ್ ವ್ಯಾಲಿ ಬ್ಯಾಂಕಿನ ದುಡ್ಡು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಹೊರಟುಹೋಗುವ ಠೇವಣಿ, ಅದರಲ್ಲೂ ಶೇ 90ಕ್ಕಿಂತ ಹೆಚ್ಚು 2,50,000 ಡಾಲರಿನ ವಿಮಾ ಮಿತಿಯ ಆಚೆಗಿನದು. ಫೆಡರಲ್ ರಿಸರ್ವ್ ಆ ವಾರಾಂತ್ಯದಲ್ಲಿ, ಮಾರ್ಚ್ 12ರಂದು, ಮಾಡಿದ ಉಪಾಯವನ್ನು ನೋಡಿ. ಅದು ಬಾಂಡಿನ ಬೆಲೆ ಏರಿಸಲು ಹೋಗಲಿಲ್ಲ. ಬಾಂಡನ್ನು ಅಡ ಇಟ್ಟರೆ ಪೇಟೆ ಬೆಲೆಗೆ ಬದಲು ಮುಖಬೆಲೆಗೆ ಒಂದು ವರ್ಷದವರೆಗೆ ಸಾಲ ಕೊಡುತ್ತೇವೆ ಎಂದಿತು. ಬೇರೆ ಬ್ಯಾಂಕುಗಳು ಮಾರುವ ಅಗತ್ಯವೇ ಬೀಳದಂತೆ ನೋಡಿಕೊಂಡಿತು.

ಬಫೆಟ್ ಅವರೊಡನೆ ನನ್ನ ಒಂದು ಸಣ್ಣ ಭಿನ್ನಮತವೂ ಇದೆ. ತ್ರೈಮಾಸಿಕದ ಅಂಕಿಗೆ ಅರ್ಥವಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಐದು ವರ್ಷದ ಅಂಕಿಗಳನ್ನು ಒಟ್ಟು ಹಾಕಿದರೆ ಅದಕ್ಕೆ ಅರ್ಥ ಬರುತ್ತದೆ. ಹೂಡಿಕೆಯೇ ಕಸುಬಾಗಿರುವ ಸಂಸ್ಥೆ ಲಾಭ ಬಂದಾಗ ‘ನಮ್ಮ ಜಾಣ್ಮೆ’ ಎಂದು, ನಷ್ಟ ಬಂದಾಗ ‘ಲೆಕ್ಕಪತ್ರದ ನಿಯಮ’ ಎಂದು ಹೇಳುತ್ತಿದ್ದರೆ ಐದು ವರ್ಷದ ಮೊತ್ತ ಅದನ್ನು ಹಿಡಿದುಹಾಕುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: ‘ನಮ್ಮ ಬ್ಯಾಂಕುಗಳಿಗೂ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಗತಿ ಬರಬಹುದೇ? ಎಚ್‌ಟಿಎಂ ನಮ್ಮಲ್ಲೂ ದೊಡ್ಡದಾಗಿಯೇ ಇದೆಯಲ್ಲ?’

ದೊಡ್ಡದಾಗಿದೆ ಸ್ವಾಮಿ, ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಆದರೆ ನಾನು ಮೊದಲು ನೋಡುವುದು ಠೇವಣಿ ಯಾರದು ಎಂದು. ಸಾವಿರಾರು ಶಾಖೆಗಳಲ್ಲಿ ಹರಡಿಕೊಂಡ ಸಂಬಳದಾರರ, ಪಿಂಚಣಿದಾರರ, ಗೃಹಿಣಿಯರ ಠೇವಣಿ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿರುವಂಥ ಕಂಪನಿಗಳ ಠೇವಣಿಯಂತೆ ಒಂದೇ ದಿನ ಎದ್ದು ಹೋಗುವುದಿಲ್ಲ. ಜೊತೆಗೆ, ಅಗತ್ಯ ಬಿದ್ದರೆ ಸರ್ಕಾರಿ ಬಾಂಡನ್ನು ಮಾರದೆ ರಿಸರ್ವ್ ಬ್ಯಾಂಕಿನಲ್ಲಿ ಅಡ ಇಟ್ಟು ಸಾಲ ಪಡೆಯುವ ದಾರಿ ನಮ್ಮಲ್ಲಿ ಸದಾ ತೆರೆದಿದೆ, ಆದರೆ ಸಿಗುವುದು ಪೇಟೆ ಬೆಲೆಯ ಲೆಕ್ಕದಲ್ಲಿ. ಹಾಗಾಗಿ ಸಣ್ಣ ಬ್ಯಾಂಕೊಂದರ ಷೇರು ನಿಮ್ಮಲ್ಲಿದ್ದರೆ ಎರಡು ವಿಷಯ ಒಟ್ಟಿಗೆ ನೋಡಿ: ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಎಚ್‌ಟಿಎಂ ಹೂಡಿಕೆಯ ಪುಸ್ತಕ ಮೌಲ್ಯಕ್ಕೂ ಪೇಟೆ ಮೌಲ್ಯಕ್ಕೂ ಇರುವ ಅಂತರ, ಮತ್ತು ಒಟ್ಟು ಠೇವಣಿಯಲ್ಲಿ ಅತಿ ದೊಡ್ಡ ಇಪ್ಪತ್ತು ಠೇವಣಿದಾರರ ಪಾಲು. ಎರಡನೆಯದನ್ನೂ ಬ್ಯಾಂಕುಗಳು ಪ್ರಕಟಿಸಲೇಬೇಕು.

ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ಒಬ್ಬರು ಕೇಳಿದರು: ‘ಬ್ಯಾಂಕು ಬಿಡಿ ಸರ್, ಸಾಮಾನ್ಯ ಕಂಪನಿಯ ಫಲಿತಾಂಶ ಬಂದಾಗ ಹೂಡಿಕೆ ಲಾಭ ಎಷ್ಟು ಬೆರೆತಿದೆ ಎಂದು ಬೇಗ ಕಂಡುಹಿಡಿಯುವುದು ಹೇಗೆ?’

ಬ್ಯಾಂಕೇತರ ಹಣಕಾಸು ಕಂಪನಿಯಾದರೆ ಸುಲಭ, ‘ನ್ಯಾಯೋಚಿತ ಮೌಲ್ಯದ ಬದಲಾವಣೆಯಿಂದ ಬಂದ ನಿವ್ವಳ ಲಾಭ’ ಎಂಬ ಸಾಲು ಲಾಭ–ನಷ್ಟ ಖಾತೆಯ ಮುಖಪುಟದಲ್ಲೇ ಇರುತ್ತದೆ. ಉಳಿದ ಕಂಪನಿಗಳಲ್ಲಿ ‘ಇತರ ಆದಾಯ’ದ ಟಿಪ್ಪಣಿಗೆ ಹೋಗಬೇಕು. ನಾನು ಅದಕ್ಕಿಂತ ಮೊದಲು ತೆರೆಯುವುದು ನಗದು ಹರಿವಿನ ಪಟ್ಟಿಯನ್ನು. ಅದು ತೆರಿಗೆಗೆ ಮುಂಚಿನ ಲಾಭದಿಂದ ಆರಂಭವಾಗುತ್ತದೆ, ತಕ್ಷಣ ಕೆಳಗೆ ವ್ಯವಹಾರಕ್ಕೆ ಸೇರದ್ದನ್ನು ಒಂದೊಂದಾಗಿ ಕಳೆಯುತ್ತ ಬರುತ್ತದೆ. ಹೂಡಿಕೆ ಮಾರಿದ ಲಾಭ, ಮಾರದೆ ಬಂದ ಲಾಭ, ಬಡ್ಡಿ, ಲಾಭಾಂಶ ಎಲ್ಲವೂ ಅಲ್ಲಿ ಬೇರೆ ಬೇರೆ ಸಾಲಿನಲ್ಲಿ, ಋಣ ಚಿಹ್ನೆಯೊಂದಿಗೆ ಸಿಗುತ್ತವೆ. 300 ಕೋಟಿ ಲಾಭ ಎಂದು ಮೇಲಿದ್ದು, ಅದರ ಕೆಳಗೆ ಹೂಡಿಕೆ ಲಾಭ 120 ಕೋಟಿ ಎಂದು ಕಳೆದಿದ್ದರೆ, ಆ ಕಂಪನಿಯ ಷೇರಿಗೆ ನೀವು ಕೊಡುತ್ತಿರುವ ಬೆಲೆಯನ್ನು 180 ಕೋಟಿಯ ಮೇಲೆ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ. ತ್ರೈಮಾಸಿಕ ಫಲಿತಾಂಶದ ಜೊತೆ ಈ ಪಟ್ಟಿಯನ್ನು ಪ್ರತಿ ಸಲ ಕೊಡುವುದಿಲ್ಲ, ಸೆಪ್ಟೆಂಬರ್ ಮತ್ತು ಮಾರ್ಚ್ ಅಂತ್ಯದ ಫಲಿತಾಂಶಗಳಿಗೆ ಕಾಯಬೇಕು.